ವಿದ್ಯಾರ್ಥಿಗಳು ಕಾಯುವ ಪರಮಾಣು ಒಲೆ

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಮಳೆಯ ಊರು. ವಿಲಾಮೆಟ್ ನದಿ ಊರನ್ನು ಎರಡು ಪಾಲು ಮಾಡಿ ಹರಿಯುತ್ತದೆ. ಆಕಾಶ ತಿಳಿಯಾದ ದಿನ ಪೂರ್ವಕ್ಕೆ ಹಿಮ ಹೊದ್ದ ಮೌಂಟ್ ಹುಡ್ ಶಿಖರ ಕಾಣುತ್ತದೆ. ಪಶ್ಚಿಮಕ್ಕಿರುವ ಹಿಲ್ಸ್‌ಬರೊದಲ್ಲಿ ಇಂಟೆಲ್ ಕಂಪನಿಯ ದೊಡ್ಡ ಕಾರ್ಖಾನೆಗಳಿರುವುದರಿಂದ ಆ ಕಡೆ ಕನ್ನಡ ಮಾತು ಕಿವಿಗೆ ಬಿದ್ದರೆ ಅಚ್ಚರಿಪಡಬೇಕಿಲ್ಲ. ನಮ್ಮ ಮಗನ ಮನೆಯೂ ಅಲ್ಲೇ. ಬಂದವರಿಗೆಲ್ಲ ತೋರಿಸುವ ಜಲಪಾತ, ಗುಲಾಬಿ ತೋಟ ಮುಗಿದ ಮೇಲೆ, ರೀಡ್ ಕಾಲೇಜಿನ ರಿಯಾಕ್ಟರನ್ನು ತೋರಿಸು ಎಂದೆ. ಅವನು ಮೊದಲೇ ಬರೆದು ಅನುಮತಿ ಪಡೆದ.

ರೀಡ್ 1908ರಲ್ಲಿ ಸ್ಥಾಪನೆಯಾದ ಸಣ್ಣ ಕಾಲೇಜು. ವಿದ್ಯಾರ್ಥಿಗಳ ಸಂಖ್ಯೆ ಒಂದೂವರೆ ಸಾವಿರದ ಆಸುಪಾಸು. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ 1972ರಲ್ಲಿ ಸೇರಿ ಬಿಟ್ಟದ್ದು ಇದೇ ಕಾಲೇಜನ್ನು. ಇಲ್ಲಿ ಎಂಜಿನಿಯರಿಂಗ್ ವಿಭಾಗವೇ ಇಲ್ಲ. ಆದರೂ 1968ರಿಂದ ಒಂದು ಪರಮಾಣು ರಿಯಾಕ್ಟರ್ ನಡೆಯುತ್ತಿದೆ. ಅದನ್ನು ನಡೆಸುವವರು ಮುಖ್ಯವಾಗಿ ಪದವಿ ತರಗತಿಯ ಹುಡುಗ ಹುಡುಗಿಯರು.

ವುಡ್‌ಸ್ಟಾಕ್ ರಸ್ತೆಯಲ್ಲಿ ಇಳಿದರೆ ಎದುರಿಗೆ ಕೆಂಪು ಇಟ್ಟಿಗೆಯ ಕಟ್ಟಡಗಳು, ದೊಡ್ಡ ಮರಗಳು. ನಮ್ಮ ಮನೆಯವರು "ಅಣುವಿನ ಸಹವಾಸ ನಿಮಗೇ ಇರಲಿ" ಎಂದು ಹತ್ತಿರದ ರೋಡೊಡೆಂಡ್ರಾನ್ ತೋಟಕ್ಕೆ ನಡೆದರು. ನಾನು ಹುಡುಕುತ್ತಿದ್ದ ಎತ್ತರದ ಗೋಪುರವಾಗಲಿ ಗುಮ್ಮಟವಾಗಲಿ ಎಲ್ಲೂ ಕಾಣಲಿಲ್ಲ. ಗುರುತಿನ ಚೀಟಿ ನೋಡಿ, ಚೀಲ ಹೊರಗಿಡಿಸಿ, ವಿಕಿರಣ ಅಳೆಯುವ ಡೋಸಿಮೀಟರನ್ನು ಅಂಗಿಗೆ ಸಿಕ್ಕಿಸಿ ಒಳಗೆ ಬಿಟ್ಟರು.

ಒಳಗೆ ನೆಲದಲ್ಲೊಂದು ಬಾವಿ. ನನಗೆ ಬೇರೆ ಮಾತು ತೋಚುವುದಿಲ್ಲ. ಸುಮಾರು 25 ಅಡಿ ಆಳದ, ಅಲ್ಯೂಮಿನಿಯಂ ಹೊದಿಕೆಯ ಬಾವಿ, ಕನ್ನಡಿಯಂಥ ನೀರು, ತಳದಲ್ಲಿ ದೊಡ್ಡ ಹಂಡೆಯಷ್ಟಿರುವ ಗರ್ಭ. ಮುಚ್ಚಳವಿಲ್ಲ. ಕಟ್ಟೆಯಿಂದ ಬಗ್ಗಿ ನೋಡಬಹುದು. ಮೇಲಿನ ನೀರೇ ವಿಕಿರಣಕ್ಕೆ ತಡೆಗೋಡೆ, ಅದೇ ಶಾಖವನ್ನೂ ಹೀರುತ್ತದೆ. ಗರಿಷ್ಠ ಶಕ್ತಿ 250 ಕಿಲೋವ್ಯಾಟ್, ಎಂದರೆ ಸ್ನಾನದ ಮನೆಯ ನೂರಿಪ್ಪತ್ತೈದು ಗೀಸರುಗಳಷ್ಟು ಶಾಖ. ನಮ್ಮ ಕೈಗಾದ ಒಂದು ಘಟಕದ ಶಾಖದ ಮೂರು ಸಾವಿರದಲ್ಲೊಂದು ಪಾಲೂ ಸರಿಯಾಗಿ ಆಗದು. ವಿದ್ಯುತ್ತನ್ನಂತೂ ಇದು ಮಾಡುವುದೇ ಇಲ್ಲ.

ಅಂದು ನಿಯಂತ್ರಣ ಮೇಜಿನಲ್ಲಿದ್ದ ಹುಡುಗಿಗೆ ಇಪ್ಪತ್ತಿರಬಹುದು. ಓದುತ್ತಿರುವುದು ತತ್ತ್ವಶಾಸ್ತ್ರ! ಮೊದಲ ವರ್ಷ ಸೇರಿದಾಗಲೇ ರಿಯಾಕ್ಟರಿನ ಪಾಠಕ್ಕೂ ಹೆಸರು ಕೊಟ್ಟು, ವರ್ಷದ ತರಬೇತಿ ಮುಗಿಸಿ, ಅಮೆರಿಕದ ಪರಮಾಣು ನಿಯಂತ್ರಣ ಆಯೋಗದವರು ನಡೆಸುವ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ಪಾಸು ಮಾಡಿದ್ದಾಳೆ. ಪ್ರಾಯೋಗಿಕವೆಂದರೆ ಪರೀಕ್ಷಕರು ಪಕ್ಕದಲ್ಲಿ ನಿಂತು "ಈ ದೀಪ ಹತ್ತಿದರೆ ಏನು? ಈ ಮುಳ್ಳು ಇಳಿದರೆ ಏಕೆ?" ಎಂದು ಕೇಳುತ್ತಲೇ ಇರುವುದು. ಬಾಯಿಪಾಠದವರು ಅಲ್ಲಿ ನಿಲ್ಲಲಾರರು.

ಅವಳು ಒಲೆ ಹೊತ್ತಿಸುವ ಮೊದಲು ಪಟ್ಟಿ ಹಿಡಿದು ಒಂದೊಂದೇ ಓದಿದಳು, ಜತೆಗಾರ ಒಂದೊಂದೇ ನೋಡಿ ಉತ್ತರಿಸಿದ. ನೀರಿನ ಮಟ್ಟ, ಉಷ್ಣತೆ, ಗಾಳಿಯ ವಿಕಿರಣಮಾಪಕ, ತುರ್ತು ಗುಂಡಿ. ಇದೆಲ್ಲ ಮುಗಿಯಲು ಹಿಡಿದ ಕಾಲದಲ್ಲಿ ನಮ್ಮಲ್ಲಿ ಒಂದು ಪೀರಿಯಡ್ಡೇ ಮುಗಿದಿರುತ್ತಿತ್ತು. ನಂತರ ನ್ಯೂಟ್ರಾನ್ ನುಂಗುವ ಬೋರಾನಿನ ಮೂರು ಸರಳುಗಳು ಸ್ವಲ್ಪಸ್ವಲ್ಪವೇ ಮೇಲೇರಿದವು. ಎಣಿಕೆ ಏರಿತು. ಬಾವಿಯ ತಳದಲ್ಲಿ ನೀಲಿ ಬೆಳಕು ಮೂಡಿತು. ನೀರಿನಲ್ಲಿ ಬೆಳಕಿಗಿರುವ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಎಲೆಕ್ಟ್ರಾನ್ ಓಡಿದಾಗ ಹೊಮ್ಮುವ ಚೆರೆಂಕೊವ್ ಬೆಳಕು ಅದು. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ವಿದಳನ ಕ್ರಿಯೆ ಕಣ್ಣೆದುರು ನಡೆಯುತ್ತಿತ್ತು.

ಎಳೆಯರ ಕೈಗೆ ಇದನ್ನು ಕೊಡುವ ಧೈರ್ಯ ಎಲ್ಲಿಂದ ಬಂತು? 1956ರ ಬೇಸಗೆಯಲ್ಲಿ ಸ್ಯಾನ್ ಡಿಯಾಗೊದಲ್ಲಿ, ಹಳೆಯ ಶಾಲಾ ಕಟ್ಟಡವೊಂದರಲ್ಲಿ ಜನರಲ್ ಅಟಾಮಿಕ್ ಕಂಪನಿ ಕೆಲವು ವಿಜ್ಞಾನಿಗಳನ್ನು ಸೇರಿಸಿತ್ತು. ಎಡ್ವರ್ಡ್ ಟೆಲ್ಲರ್, ಫ್ರೀಮನ್ ಡೈಸನ್ ಅವರಲ್ಲಿದ್ದರು. ಹೈಸ್ಕೂಲು ಮಕ್ಕಳ ಕೈಗೆ ಕೊಟ್ಟರೂ ಅವರಿಗೆ ಅಪಾಯವಾಗದಂಥ ರಿಯಾಕ್ಟರ್ ಬೇಕೆಂಬುದು ಟೆಲ್ಲರ್ ಹಾಕಿದ ಷರತ್ತು. ಹೈಡ್ರೋಜನ್ ಬಾಂಬಿನ ಮನುಷ್ಯ ಇಂಥ ಷರತ್ತು ಹಾಕಿದ್ದು ತಮಾಷೆಯೇ ಸರಿ. ಬೀಗ, ಗಂಟೆಗಳನ್ನು ನೆಚ್ಚದೆ ಇಂಧನದ ಸ್ವಭಾವದಲ್ಲೇ ಅವರು ಉತ್ತರ ಹುಡುಕಿದರು. ಯುರೇನಿಯಂ ಜತೆ ಜಿರ್ಕೋನಿಯಂ ಹೈಡ್ರೈಡ್ ಬೆರೆಸಿದರು. ಅದರಲ್ಲಿರುವ ಹೈಡ್ರೋಜನ್ ತಣ್ಣಗಿದ್ದಾಗ ನ್ಯೂಟ್ರಾನುಗಳನ್ನು ನಿಧಾನಗೊಳಿಸುತ್ತದೆ. ಬಿಸಿಯಾದರೆ ತನ್ನ ಶಕ್ತಿಯನ್ನೇ ಅವಕ್ಕೆ ಕೊಟ್ಟು ವೇಗ ಹೆಚ್ಚಿಸುತ್ತದೆ. ವೇಗ ಹೆಚ್ಚಿದ ನ್ಯೂಟ್ರಾನ್ ಯುರೇನಿಯಮನ್ನು ಒಡೆಯುವುದು ಕಡಿಮೆ. ಹಾಲು ಉಕ್ಕಲು ಬಂದರೆ ಉರಿ ತಾನೇ ಇಳಿಯುವ ಒಲೆಯಂತೆ! ಅದಕ್ಕೆ ಟ್ರೈಗಾ ಎಂದು ಹೆಸರು. ಮೊದಲನೆಯದು 1958ರಲ್ಲಿ ನಡೆಯಿತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಅರವತ್ತಕ್ಕೂ ಹೆಚ್ಚು ಕಟ್ಟಿದರು. ನೆರೆಯ ಬಾಂಗ್ಲಾದೇಶದ ಸಾವರ್‌ನಲ್ಲೂ ಒಂದಿದೆ.

ನೀಲಿ ಬೆಳಕು ನೋಡಲು ಜನ ಬರುತ್ತಾರೆ. ನನಗೆ ಮಾತ್ರ ಹೆಚ್ಚು ಮೆಚ್ಚುಗೆಯಾದದ್ದು ಯಾರೂ ನೋಡದ ಚಾಕರಿ. ಬಾವಿಯ ನೀರು ಶುದ್ಧವಾಗಿರಬೇಕು. ಲವಣ ಸೇರಿದರೆ ಲೋಹ ಸವೆಯುತ್ತದೆ, ನೀರಿನಲ್ಲಿರುವ ಕಶ್ಮಲವೇ ವಿಕಿರಣಶೀಲವಾಗುತ್ತದೆ. ಆದ್ದರಿಂದ ರಾಳದ ಶೋಧಕದಲ್ಲಿ ಅದನ್ನು ಸದಾ ಹಾಯಿಸುತ್ತ, ವಿದ್ಯುತ್ ವಾಹಕತೆ ಅಳೆಯುತ್ತ ಇರಬೇಕು. ನಮ್ಮ ಒಂಬತ್ತನೆಯ ತರಗತಿಯವರಿಗೂ ತಿಳಿಯುವ ತತ್ತ್ವ. ನಿಯಂತ್ರಣದ ಸರಳುಗಳನ್ನು ವಿದ್ಯುತ್ಕಾಂತ ಎತ್ತಿ ಹಿಡಿದಿರುತ್ತದೆ. ವಿದ್ಯುತ್ ಹೋದರೆ ಅವು ತಮ್ಮ ತೂಕದಿಂದಲೇ ಕೆಳಗೆ ಬಿದ್ದು ಕ್ರಿಯೆ ನಿಲ್ಲುತ್ತದೆ. ಗುರುತ್ವಾಕರ್ಷಣೆ ಕೈಕೊಡದು ಎಂದು ಕೂರುವಂತಿಲ್ಲ. ಬೀಳಲು ಎಷ್ಟು ಹೊತ್ತು ಬೇಕೆಂದು ನಿಗದಿತ ಅವಧಿಗೊಮ್ಮೆ ಅಳೆದು ಬರೆಯಬೇಕು. ಸರಳುಗಳನ್ನು, ಇಂಧನದ ಕಡ್ಡಿಗಳನ್ನು ಸರದಿಯಂತೆ ಪರೀಕ್ಷಿಸಬೇಕು. ಕಡ್ಡಿಗಳನ್ನು ನೀರಿನೊಳಗೇ ಉದ್ದನೆಯ ಸಲಾಕೆಯಿಂದ ಎತ್ತಿ ನೋಡಬೇಕು. ಮೇಜಿನ ಮುಳ್ಳು ತೋರಿಸುವ ಶಕ್ತಿ ನಿಜವೇ ಎಂದು ತಿಳಿಯಲು ಬಾವಿಯ ನೀರು ಗಂಟೆಗೆ ಎಷ್ಟು ಡಿಗ್ರಿ ಕಾಯಿತೆಂದು ಲೆಕ್ಕ ಹಾಕುತ್ತಾರೆ. ರಾಶಿ, ವಿಶಿಷ್ಟೋಷ್ಣ, ಉಷ್ಣತೆಯ ಏರಿಕೆ: ಕ್ಯಾಲೊರಿಮೀಟರಿನ ಅದೇ ಹಳೆಯ ಲೆಕ್ಕ! ಸಂತೋಷದಿಂದ ಜೋರಾಗಿಯೇ ನಕ್ಕುಬಿಟ್ಟೆ. ಹುಡುಗಿ ಗಾಬರಿಯಾಗಿ ಮೊದಲು ಮುಳ್ಳುಗಳನ್ನು ನೋಡಿ ಆಮೇಲೆ ನನ್ನನ್ನು ನೋಡಿದಳು.

ಇಷ್ಟರಿಂದ ಏನು ಲಾಭ? ಮಣ್ಣು, ಮಡಕೆ ಚೂರುಗಳ ಮಾದರಿಯನ್ನು ಗರ್ಭದ ಬಳಿ ಇಳಿಸಿದರೆ ನ್ಯೂಟ್ರಾನ್ ತಾಗಿ ಅದರ ಮೂಲವಸ್ತುಗಳು ವಿಕಿರಣಶೀಲವಾಗುತ್ತವೆ; ಹೊರಸೂಸುವ ಗಾಮಾ ಕಿರಣ ನೋಡಿ ಆರ್ಸೆನಿಕ್ಕಿನಂಥ ವಸ್ತು ಅತ್ಯಲ್ಪವಿದ್ದರೂ ಪತ್ತೆ ಮಾಡಬಹುದು.

ಎಲ್ಲರಿಗೂ ಇದು ಒಪ್ಪಿಗೆಯೆಂದಲ್ಲ. ಮನೆಗಳ ನಡುವೆ ಯುರೇನಿಯಂ ಏಕೆಂಬ ಪ್ರಶ್ನೆ ನ್ಯಾಯವಾದದ್ದೇ. ತೀರಿದ ಇಂಧನ ಕೊನೆಗೆ ಸರ್ಕಾರದ ಇಂಧನ ಇಲಾಖೆಗೆ ಹಿಂದಿರುಗಬೇಕು, ಅದರ ಶಾಶ್ವತ ವಿಲೇವಾರಿ ಆ ದೇಶದಲ್ಲೂ ಬಗೆಹರಿದಿಲ್ಲ. ಉತ್ತರಕ್ಕಿರುವ ಸಿಯಾಟಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯ 1961ರಲ್ಲಿ, ದಾರಿಹೋಕರಿಗೂ ಕಾಣಲೆಂದು ಗಾಜಿನ ಗೋಡೆಯ ರಿಯಾಕ್ಟರ್ ಮನೆ ಕಟ್ಟಿತ್ತು. ರಿಯಾಕ್ಟರ್ 1988ರಲ್ಲಿ ನಿಂತಿತು, ಕಟ್ಟಡವನ್ನು 2016ರಲ್ಲಿ ಕೆಡವಿದರು. ಅರಿಜೋನಾ, ಕಾರ್ನೆಲ್, ಮಿಷಿಗನ್ ವಿಶ್ವವಿದ್ಯಾಲಯಗಳ ರಿಯಾಕ್ಟರುಗಳೂ ಮುಚ್ಚಿವೆ.

ನಮ್ಮಲ್ಲಿ 1956ರಲ್ಲೇ ಟ್ರಾಂಬೆಯಲ್ಲಿ ಅಪ್ಸರಾ ನಡೆಯಿತು, ಅದೂ ಇಂಥ ನೀರಿನ ಕೊಳದ್ದೇ. ಕಲ್ಪಾಕ್ಕಂನಲ್ಲಿ 30 ಕಿಲೋವ್ಯಾಟಿನ ಕಾಮಿನಿ ಇದೆ. ಎರಡೂ ಪರಮಾಣು ಶಕ್ತಿ ಇಲಾಖೆಯ ಆವರಣದವು. ನಮ್ಮ ಮಕ್ಕಳಿಗೆ ರಿಯಾಕ್ಟರ್ ಎಂದರೆ "ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಎಂಬ ಪ್ರಶ್ನೆ. ಎಷ್ಟೋ ಶಾಲೆಗಳಲ್ಲಿ ವೋಲ್ಟ್‌ಮೀಟರು ಕೂಡ, ಒಡೆದರೆ ಯಾರು ಲೆಕ್ಕ ಕೊಡುವುದೆಂದು ಬೀರುವಿನಿಂದ ಹೊರಬರುವುದಿಲ್ಲ. ತಪ್ಪಾದರೆ ಏನು ಮಾಡುತ್ತೀರಿ ಎಂದು ಹುಡುಗಿಯನ್ನು ಕೇಳಿದೆ. ಅವಳು ಲಾಗ್‌ಬುಕ್ ತೆರೆದು ತೋರಿಸಿದಳು. ತಪ್ಪಿದ ಅಂಕಿಯ ಮೇಲೆ ಒಂದೇ ಗೆರೆ; ಕೆಳಗಿನದು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದ ಅಂಕಿ, ತಿದ್ದಿದವರ ಸಹಿ.

ಸಂಜೆ ನಾಲ್ಕಕ್ಕೆ ಸರಳುಗಳು ಇಳಿದವು. ಬೆಳಕು ಒಮ್ಮೆಲೇ ಆರಲಿಲ್ಲ, ತೆಳುವಾಗುತ್ತ ತಳದಲ್ಲಿ ಸ್ವಲ್ಪ ಹೊತ್ತು ಉಳಿದಿತ್ತು. ಅವಳು ಸಮಯ ಬರೆದು, ಬೀಗದ ಕೈ ತೆಗೆದಿಟ್ಟು, ಗ್ರೀಕ್ ತತ್ತ್ವಶಾಸ್ತ್ರದ ಪ್ರಬಂಧ ನಾಳೆ ಕೊಡಬೇಕಿದೆ ಎಂದು ಹೊರಟಳು.