ದರ ಬರೆಯುವ ಕೈ

ಮೈಸೂರಿನ ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗಕ್ಕೆ ನಾನು ಸೇರಿದಾಗ ಪ್ರವೇಶ ತೆರಿಗೆಗೆಂದೇ ಬೇರೆ ಲೆಡ್ಜರ್ ಇತ್ತು. ಲಾರಿಯಿಂದ ಉಕ್ಕಿನ ಸರಳು ಇಳಿಯುತ್ತಿದ್ದಂತೆ ಸ್ಟೋರಿನವರು ಇನ್‌ವಾಯ್ಸ್ ಕಳಿಸುತ್ತಿದ್ದರು. ದಿನಾಂಕ, ಸರಕು, ಬಂದ ಊರು, ಬೆಲೆ, ದರ, ತೆರಿಗೆ ಎಂದು ಸ್ಕೇಲಿಟ್ಟು ಗೆರೆ ಎಳೆದ ಪುಟಗಳು. ಬೇರೆಲ್ಲ ಕಾಲಂ ಇನ್‌ವಾಯ್ಸ್ ನೋಡಿ ತುಂಬಬಹುದಿತ್ತು. ದರದ ಕಾಲಂಗೆ ಮಾತ್ರ ಡ್ರಾಯರ್‌ನಲ್ಲಿದ್ದ ಸರ್ಕಾರಿ ಅಧಿಸೂಚನೆಯ ಜೆರಾಕ್ಸ್ ತೆಗೆಯಬೇಕಿತ್ತು. ಮಡಿಕೆಯಲ್ಲಿ ಹರಿದು, ಹಿಂದೆ ಗಮ್ ಟೇಪ್ ಅಂಟಿಸಿಕೊಂಡಿದ್ದ ಹಾಳೆ ಅದು.

ಅದಕ್ಕೂ ಮುಂಚೆ ಇದ್ದದ್ದು ಆಕ್ಟ್ರಾಯ್. ಹೊರಗಿನ ಸರಕು ಪಟ್ಟಣ ಸೇರಬೇಕಾದರೆ ಕಟ್ಟೆಯಲ್ಲಿ ಗಾಡಿ ನಿಲ್ಲಿಸಿ ಸುಂಕ ಕಟ್ಟಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಆಗುವುದೇನು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. 1979ರಲ್ಲಿ ರಾಜ್ಯ ಆಕ್ಟ್ರಾಯ್ ಕೈಬಿಟ್ಟು ಪ್ರವೇಶ ತೆರಿಗೆ ಕಾಯ್ದೆ ತಂದಿತು. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಹೂಟಗಳ್ಳಿಯ ರಸ್ತೆ ಹಿಡಿದು ಹೋದರೆ ಸಿಗುವ ಹುಣಸೂರಿನ ದೇವರಾಜ ಅರಸು.

ಆ ಕಾಯ್ದೆಯ ಮೂರನೇ ಸೆಕ್ಷನ್ ನನಗೆ ಈಗಲೂ ಮುಖ್ಯ. ಯಾವ ಸರಕಿಗೆ ಎಷ್ಟು ಎಂದು ಸರ್ಕಾರ ಅಧಿಸೂಚನೆ ಹೊರಡಿಸಬಹುದಿತ್ತು. ಆದರೆ ಸರಕಿನ ಬೆಲೆಯ ಶೇ 5ನ್ನು ಮೀರುವಂತಿರಲಿಲ್ಲ. ಅರಸು ಅವರ ನಂತರ ಗುಂಡೂರಾವ್ ಬಂದರು, ಹೆಗಡೆ ಬಂದರು, ಬಂಗಾರಪ್ಪ ಬಂದರು. ಇವರಲ್ಲಿ ಯಾರೇ ಆಗಲಿ, ರಾತ್ರೋರಾತ್ರಿ ಆರು ಎಂದು ಬರೆಯುವ ಹಾಗಿರಲಿಲ್ಲ. ಬರೆಯಬೇಕೆಂದರೆ ವಿಧಾನಮಂಡಲಕ್ಕೆ ಮಸೂದೆ ತಂದು, ಶಾಸಕರ ಮಾತು ಕೇಳಿಸಿಕೊಳ್ಳಬೇಕಿತ್ತು.

ಪ್ರವೇಶ ತೆರಿಗೆಯನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅದು ಕೆಟ್ಟ ತೆರಿಗೆಯೇ. ಸಣ್ಣ ಕಾರ್ಖಾನೆಯವರ ದುಡ್ಡನ್ನೂ ಹೊತ್ತನ್ನೂ ತಿಂದಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಅದು ಹೋದಾಗ ಯಾರೂ ಬೇಸರಪಡಲಿಲ್ಲ. ಜಿಎಸ್‌ಟಿ ಕಾಯ್ದೆಯಲ್ಲೂ ಮಿತಿ ಇದೆ: ಕೇಂದ್ರಕ್ಕೆ ಶೇ 20, ರಾಜ್ಯಕ್ಕೆ ಶೇ 20. ಅಷ್ಟರ ಮಟ್ಟಿಗೆ ಹಳೆಯ ಎಚ್ಚರ ಉಳಿದಿದೆ.

ಆಮೇಲೆ ಹೂಟಗಳ್ಳಿ ನಗರಸಭೆಯಾಯಿತು. ಲೆಡ್ಜರ್ ಹೋಗಿ ಕಂಪ್ಯೂಟರ್ ಬಂದಿದೆ. ಇಲ್ಲಿನ ಶೆಡ್ಡುಗಳಲ್ಲಿ ತಯಾರಾಗುವ ಮಾಲಿನ ಲೆಕ್ಕಾಚಾರವನ್ನು ಬೆಂಗಳೂರಿನ ಅಧಿಸೂಚನೆಗಿಂತ ವಾಷಿಂಗ್ಟನ್ನಿನ ಒಂದು ಸಹಿ ಹೆಚ್ಚು ಕೆಡಿಸಬಲ್ಲದು. 2025ರ ಮೇ 3ರಿಂದ ವಾಹನ ಬಿಡಿಭಾಗಗಳಿಗೆ ಅಮೆರಿಕ ಶೇ 25 ಸುಂಕ ಹಾಕಿತು. ಆಗಸ್ಟ್ 7ರಂದು ಭಾರತದ ಬೇರೆ ಅನೇಕ ಸರಕುಗಳಿಗೆ ಶೇ 25, ಅದೇ 27ರಂದು ಅದರ ಮೇಲೆ ಇನ್ನೂ 25. ಸುಂಕ ಹಾಕುವ ಅಧಿಕಾರವನ್ನು ಅಮೆರಿಕದ ಸಂವಿಧಾನ ಕೊಟ್ಟಿರುವುದು ಅಲ್ಲಿನ ಸಂಸತ್ತಿಗೆ, ಅಧ್ಯಕ್ಷರಿಗಲ್ಲ. ಆದರೂ ಆಗಸ್ಟ್‌ನ ಎರಡೂ ಏಟು ಬಿದ್ದದ್ದು 1977ರ ತುರ್ತು ಅಧಿಕಾರದ ಕಾಯ್ದೆಯ ಹೆಸರಿನಲ್ಲಿ. ಸುಂಕ ಎಂಬ ಮಾತೇ ಆ ಕಾಯ್ದೆಯಲ್ಲಿಲ್ಲ, ದರಕ್ಕೆ ಮಿತಿಯೂ ಇಲ್ಲ. ಅದು ಅಧ್ಯಕ್ಷರಿಗೆ ಸುಂಕ ಹಾಕುವ ಅಧಿಕಾರ ಕೊಡುವುದಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2026ರ ಫೆಬ್ರವರಿಯಲ್ಲಿ ತೀರ್ಪು ಕೊಡುವ ಹೊತ್ತಿಗೆ ತಿಂಗಳುಗಳೇ ಉರುಳಿದ್ದವು. ಕೈತಪ್ಪಿದ ಆರ್ಡರನ್ನು ತೀರ್ಪು ತಂದುಕೊಡುವುದಿಲ್ಲ.

ಅಮೆರಿಕವನ್ನು ಬೈದು ಸುಮ್ಮನಾಗುವುದು ಸುಲಭ. ನನ್ನನ್ನು ಹೆಚ್ಚು ಕಾಡುವುದು ನಮ್ಮ ಮನೆಯ ಸಂಗತಿ.

2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ 5ಕ್ಕೆ ಇಳಿಯಿತು. ನಮ್ಮ ರೇಷ್ಮೆ ಬೆಳೆಗಾರರಿಗೆ ಅದು ಭಾರಿ ಪೆಟ್ಟು. ಆದರೆ ಲೋಕಸಭೆಯಲ್ಲಿ ಓದಿದ ಪ್ರಸ್ತಾಪವಾದ್ದರಿಂದ ಅಲ್ಲೇ ಎದ್ದು ಪ್ರಶ್ನಿಸಲು, ತಿದ್ದುಪಡಿ ಕೇಳಲು ದಾರಿಯಿತ್ತು. 2013ರ ಬಜೆಟ್ ಅದನ್ನು ಶೇ 15ಕ್ಕೆ ಏರಿಸಿತು. ಎರಡು ವರ್ಷ ತಡ, ನಿಜ. ಆದರೂ ಏರಿದ್ದು ಎಲ್ಲರ ಎದುರಿಗೆ.

ಹತ್ತಿಯ ವಿಷಯದಲ್ಲಿ ಹಾಗಾಗಲಿಲ್ಲ. ಅಮೆರಿಕದ ಸುಂಕದಿಂದ ಬಟ್ಟೆ ಉದ್ಯಮ ಕಂಗಾಲಾದಾಗ ಕೇಂದ್ರ ಸರ್ಕಾರ 2025ರ ಆಗಸ್ಟ್ 19ರಿಂದ ಸೆಪ್ಟೆಂಬರ್ 30ರವರೆಗೆ ಹತ್ತಿಯ ಶೇ 11 ಆಮದು ಸುಂಕಕ್ಕೆ ವಿನಾಯಿತಿ ಕೊಟ್ಟಿತು. ಕೆಲವೇ ದಿನಗಳಲ್ಲಿ ಅದನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿತು. ನೂಲಿನ ಗಿರಣಿಗಳಿಗೆ ಅನುಕೂಲವಾಯಿತು. ಆದರೆ ಎಚ್‌.ಡಿ. ಕೋಟೆಯಿಂದ ರಾಯಚೂರಿನವರೆಗೆ ರೈತರು ಹತ್ತಿ ಬಿಡಿಸಿ ಮಾರುವ ತಿಂಗಳುಗಳೂ ಅವೇ. ಮುಂಗಾರು ಅಧಿವೇಶನ ಮುಗಿದದ್ದು ಆಗಸ್ಟ್ 21ಕ್ಕೆ. ವಿಸ್ತರಣೆಯ ಆದೇಶ ಬಂದದ್ದು ಅದಾದ ಮೇಲೆ. ಹತ್ತಿ ಬೆಳೆದವನ ಪರವಾಗಿ ಪ್ರಶ್ನೆ ಕೇಳಲು ಆ ಹೊತ್ತಿಗೆ ಸದನವೇ ಇರಲಿಲ್ಲ.

ಕಾನೂನಿನ ಪ್ರಕಾರ ಇದರಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಕಾನೂನಿನಲ್ಲೇ. 1975ರ ಕಸ್ಟಮ್ಸ್ ಸುಂಕ ಕಾಯ್ದೆಯ 8ಎ ಸೆಕ್ಷನ್ ಅಡಿ ತುರ್ತಾಗಿ ಆಮದು ಸುಂಕ ಏರಿಸಿದರೆ ಸರ್ಕಾರ ಆ ಅಧಿಸೂಚನೆಯನ್ನು ಸಂಸತ್ತಿನ ಮುಂದಿಡಬೇಕು; ಲೋಕಸಭೆಯ ಮುಂದಿಟ್ಟ 15 ದಿನಗಳೊಳಗೆ ನಿರ್ಣಯ ಮಂಡಿಸಿ ಒಪ್ಪಿಗೆ ಕೇಳಬೇಕು. 1962ರ ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಅಡಿ ಸುಂಕ ಇಳಿಸಿದರೆ, ಪೂರಾ ಮನ್ನಾ ಮಾಡಿದರೂ, ಸದನದ ಮುಂದಿಟ್ಟರೆ ಸಾಕು. ಸರ್ಕಾರ ತಾನಾಗಿ ಮತ ಕೇಳಬೇಕಾಗಿಲ್ಲ. ಏರಿಕೆಯ ಭಾರ ಕೊಳ್ಳುವವನ ಮೇಲೆ ಬಿದ್ದರೆ ಇಳಿಕೆಯ ಭಾರ ಬೆಳೆಯುವವನ ಮೇಲೆ ಬೀಳುತ್ತದೆ ಎಂಬುದನ್ನು ಈ ವ್ಯವಸ್ಥೆ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ತುರ್ತು ಸಂದರ್ಭದಲ್ಲಿ ಸರ್ಕಾರದ ಕೈ ಕಟ್ಟಬೇಕೆಂದು ನಾನು ಹೇಳುವುದಿಲ್ಲ. ಹಡಗು ಬಂದರಿಗೆ ಬಂದು ನಿಂತಿರುವಾಗ ಅಧಿವೇಶನಕ್ಕೆ ಕಾಯಲಾಗದು. ಆದರೆ ಬೆಳೆಗಾರರ ಸರಕಿನ ಮೇಲಿನ ಸುಂಕ ಮನ್ನಾಕ್ಕೂ 8ಎ ಸೆಕ್ಷನ್ನಿನ ಹಾಗೆಯೇ ಸಂಸತ್ತಿನ ಒಪ್ಪಿಗೆ ಕಡ್ಡಾಯವಾಗಬೇಕು. ಒಪ್ಪಿಗೆ ಸಿಗದಿದ್ದರೆ ಅಧಿಸೂಚನೆ ಬಿದ್ದುಹೋಗಬೇಕು. ಮೈಸೂರಿನವರೂ ಸೇರಿದಂತೆ ರಾಜ್ಯದ 28 ಲೋಕಸಭಾ ಸದಸ್ಯರು, ಪಕ್ಷ ಯಾವುದೇ ಇರಲಿ, ಈ ತಿದ್ದುಪಡಿಯನ್ನು ಕೇಳಬೇಕು. ಮತ ಕೇಳಲು ಅವರು ನಿಮ್ಮ ಊರಿಗೆ ಬಂದಾಗ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ.