ಒಂದೇ ತಾಯಿಯ ಮೂರು ಗಿಡಗಳು

“ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕನ್ನಡದ ಅಧ್ಯಾಪಕನಿಗೆ ಗಾದೆಯೆಂದರೆ ಪುಕ್ಕಟೆ ಸಿಗುವ ಪ್ರಮಾಣ. ಅದು ಅರ್ಧ ಸತ್ಯವೆಂದು ತಿಳಿಯಲು ನನಗೆ ಮೂರು ಮಾವಿನ ಗಿಡಗಳು ಬೇಕಾದವು.

2012ರಲ್ಲಿ ಧಾರವಾಡದಿಂದ ಒಂದೇ ತಾಯಿಮರದ ಮೂರು ಆಪೂಸು ಕಸಿಗಳನ್ನು ತಂದೆ. ಒಂದನ್ನು ಯಾದಗಿರಿಯ ನನ್ನ ಹಿತ್ತಲಿನ ಕಲ್ಲುನೆಲದಲ್ಲಿ ನೆಟ್ಟೆ. ಒಂದು ಶಹಾಪುರಕ್ಕೆ, ಕಾಲುವೆಯ ಕೆಳಗಿನ ತಂಗಿಯ ಎರೆಹೊಲಕ್ಕೆ ಹೋಯಿತು. ಮತ್ತೊಂದು ಸುರಪುರದ ಗೆಳೆಯರೊಬ್ಬರ ಮಸಾರಿ ನೆಲಕ್ಕೆ. ಕಸಿಯೆಂದರೆ ತಾಯಿಮರದ್ದೇ ಒಂದು ಟೊಂಗೆ. ವಿಜ್ಞಾನಿಗಳ ಮಾತಿನಲ್ಲಿ ತದ್ರೂಪಿ. ಮೂರೂ ಒಂದೇ ಅಚ್ಚಿನಂತೆ ಬೆಳೆಯುವುವೆಂದು ನಂಬಿದ್ದೆ.

ಹತ್ತು ವರ್ಷ ಕಳೆದವು. ಸುರಪುರದ್ದು ಮನೆಯ ಮಾಳಿಗೆಯನ್ನು ಮೀರಿ ಬೆಳೆದು ಬುಟ್ಟಿ ತುಂಬ ಹಣ್ಣು ಕೊಟ್ಟಿತು. ನನ್ನದು ಆಳೆತ್ತರಕ್ಕೇ ನಿಂತಿತು. ನೀರಿಗೆ ಬರವಿಲ್ಲದ ಶಹಾಪುರದ್ದೇ ಎಲ್ಲಕ್ಕಿಂತ ಸೊರಗಿತ್ತು!

ನಮ್ಮ ಸಸ್ಯಶಾಸ್ತ್ರದ ಮಿತ್ರರು ನಕ್ಕರು. ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರು ನಿಂತಲ್ಲಿ ಬೇರಿಗೆ ಉಸಿರಿಲ್ಲ. ಮಣ್ಣಿನಲ್ಲಿ ಸುಣ್ಣ ಹೆಚ್ಚಿದ್ದರೆ ಕಬ್ಬಿಣದ ಅಂಶ ದಕ್ಕದೆ ಎಲೆ ಹಳದಿಯಾಗುತ್ತದೆ. “ಅಲ್ಲದೆ, ಟೊಂಗೆ ಒಂದೇ ಆದರೂ ಬೇರು ಬೇರೆ, ಸ್ವಾಮಿ! ಕಸಿ ಕಟ್ಟಿದ್ದು ಓಟೆಯಿಂದ ಹುಟ್ಟಿದ ಸಸಿಗಳಿಗೆ. ಒಂದೊಂದರ ಗುಣ ಒಂದೊಂದು” ಎಂದರು.

ಹಾಗೆಂದು ಹುಟ್ಟು ಏನೂ ಅಲ್ಲವೆನ್ನಲಾರೆ. ಸೊರಗಿದ ಆ ಗಿಡವೂ ಒಮ್ಮೆ ಐದು ಹಣ್ಣು ಬಿಟ್ಟಿತು. ತಿಂದು ನೋಡಿದೆ, ಆಪೂಸೇ. ನೆಲ ಅದನ್ನು ಬಡವಾಗಿಸಿತ್ತೇ ಹೊರತು ಜಾತಿ ಕೆಡಿಸಿರಲಿಲ್ಲ.

ತಿನ್ನುತ್ತಿರುವಾಗ ಒಬ್ಬ ಹುಡುಗ ನೆನಪಾದ. ಅವನ ಅಣ್ಣ ಪಟ್ಟಣದ ಸೋದರಮಾವನ ಮನೆಯಲ್ಲಿ ಬೆಳೆದು, ನಮ್ಮ ಕಾಲೇಜಿಗೆ ಮೊದಲಿಗನಾಗಿ ಹೋದವನು. ಇವನು ಹಳ್ಳಿಯಲ್ಲೇ ಉಳಿದವನು. ಹತ್ತಿ ಬಿಡಿಸುವ ದಿನಗಳಲ್ಲಿ ಹೊಲಕ್ಕೆ, ಉಳಿದ ದಿನ ತರಗತಿಗೆ. ಒಮ್ಮೆ ಎಲ್ಲರೆದುರು, “ಒಂದೇ ತಾಯಿಯ ಮಕ್ಕಳು, ಅವನೆಲ್ಲಿ, ನೀನೆಲ್ಲಿ!” ಎಂದುಬಿಟ್ಟೆ. ತರಗತಿ ನಕ್ಕಿತು. ಮರುದಿನದಿಂದ ಅವನು ಬರಲಿಲ್ಲ. ಅವನು ನಿಂತ ನೆಲ ಯಾವುದೆಂದು ನಾನು ಕೇಳಿರಲೇ ಇಲ್ಲ.

ತಂಗಿ ಈಗ ಗಿಡದ ಸುತ್ತ ಬಸಿಗಾಲುವೆ ತೋಡಿಸಿದ್ದಾಳೆ; ಈ ಸಲದ ಚಿಗುರು ಬಲಿತು ಹಸಿರಾಗಿದೆಯಂತೆ. ಆ ಹುಡುಗನ ಊರು ನನಗೆ ಗೊತ್ತು. ಅಲ್ಲಿಗೆ ದಿನಕ್ಕೆರಡು ಬಸ್ಸುಗಳೂ ಇವೆ. ಹತ್ತುವ ಧೈರ್ಯವೊಂದು ಮಾತ್ರ ನನಗಿನ್ನೂ ಬಂದಿಲ್ಲ.