ಗೋಡೆಯಾಚೆ ಮಕ್ಕಳು ಮಲಗಿರುತ್ತಾರೆ

ಆಸ್ಟಿನ್
ಭಾನುವಾರ ರಾತ್ರಿ

ಪ್ರೀತಿಯ ಶ್ರೀಧರ,

ನಿನ್ನ ಮೆಸೇಜ್ ನೋಡಿದೆ. ಹಿಂದಿನ ಬೀದಿಯ ಮನೆಗೆ ಕಳ್ಳರು ನುಗ್ಗಿದಾಗಿನಿಂದ ವಿದ್ಯಾಗೆ ನಿದ್ದೆಯಿಲ್ಲ, ಗ್ರೀನ್ ಕಾರ್ಡ್ ಬಂದಿರುವುದರಿಂದ ಕೊಳ್ಳಲು ಈಗ ಅಡ್ಡಿಯೂ ಇಲ್ಲ, 9 ಎಂಎಂ ಕಾರ್ಬೈನ್‌ಗಳಲ್ಲಿ ಯಾವುದು ಒಳ್ಳೆಯದು ಹೇಳಕ್ಕ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ವಿದ್ಯಾಳೂ ಕೂತು ಓದಲಿ ಎಂದು ಬರೆಯುತ್ತಿದ್ದೇನೆ.

ಕೊಳ್ಳಬೇಡ ಎನ್ನುವುದಿಲ್ಲ. ನಮ್ಮ ಮನೆಯಲ್ಲೂ ಒಂದಿದೆ, ನಿನಗೆ ಗೊತ್ತು. ಪಿಸ್ತೂಲಿಗಿಂತ ಕಾರ್ಬೈನ್ ಎಂದು ನೀನು ಯೋಚಿಸಿದ್ದೂ ಸರಿಯೇ. ಪಿಸ್ತೂಲನ್ನು ಎತ್ತಿಕೊಳ್ಳುವುದು ಸುಲಭ, ಗುರಿ ನಿಲ್ಲಿಸುವುದು ಕಷ್ಟ. ಗಾಬರಿಯಲ್ಲಿ ಮಣಿಕಟ್ಟು ಕೂದಲೆಳೆಯಷ್ಟು ಅಲುಗಿದರೂ ಗುಂಡು ಎಲ್ಲಿಗೋ ಹೋಗುತ್ತದೆ. ಕಾರ್ಬೈನಿನ ಬುಡ ಭುಜಕ್ಕೆ ಆತುಕೊಂಡು, ಕೆನ್ನೆ ಅದರ ಮೇಲೆ ಕೂತು, ಎರಡು ಕೈಯೂ ಸೇರಿದರೆ ನಾಲ್ಕು ಕಡೆ ಆಧಾರ ಸಿಕ್ಕಂತಾಯಿತು. ಹೊಸಬರಿಗೂ ಅದು ಬೇಗ ಒಗ್ಗುತ್ತದೆ. 9 ಎಂಎಂ ತೋಟಾ ಅಗ್ಗವಾದ್ದರಿಂದ ಅಭ್ಯಾಸಕ್ಕೆ ಕೈ ಬಿಗಿಹಿಡಿಯಬೇಕಾಗಿಲ್ಲ.

ಆದರೆ ನಳಿಗೆ ಉದ್ದವಾದ ಮಾತ್ರಕ್ಕೆ ಅದು ರೈಫಲ್ ಗುಂಡಾಗುವುದಿಲ್ಲ. 115 ಗ್ರೇನಿನ ಸಾಮಾನ್ಯ 9 ಎಂಎಂ ಗುಂಡು ಪಿಸ್ತೂಲಿನಿಂದ ಸೆಕೆಂಡಿಗೆ ಸುಮಾರು 1,150 ಅಡಿ ವೇಗದಲ್ಲಿ ಹೊರಟರೆ, 16 ಅಂಗುಲದ ನಳಿಗೆಯಿಂದ 1,300ರ ಆಸುಪಾಸು ಬರಬಹುದು, ಅಷ್ಟೇ. ಎಆರ್-15ರ ಗುಂಡು 3,000 ಅಡಿಯ ಲೆಕ್ಕದ್ದು. ಮನೆಯೊಳಗಿನ ದೂರಕ್ಕೆ 9 ಎಂಎಂ ಸಾಕು. ರೈಫಲಿನಷ್ಟು ಸದ್ದು, ಬೆಂಕಿ ಇಲ್ಲ ಎನ್ನುವುದೂ ನಿಜ. ಆದರೂ ಮುಚ್ಚಿದ ಕೋಣೆಯಲ್ಲಿ ಕಿವಿಗೆ ಶಾಶ್ವತ ಪೆಟ್ಟು ಕೊಡುವಷ್ಟು ಸದ್ದು ಇದ್ದೇ ಇರುತ್ತದೆ. 16 ಅಂಗುಲಕ್ಕಿಂತ ಗಿಡ್ಡ ನಳಿಗೆಯ ರೈಫಲ್‌ಗೆ 1934ರ ಫೆಡರಲ್ ಕಾಯ್ದೆಯಡಿ ಬೇರೆ ನೋಂದಣಿ ಬೇಕು. ಬುಡದ ಬದಲು ತೋಳಿಗೆ ಆನಿಸುವ ಬ್ರೇಸ್ ಹಾಕಿ ಪಿಸ್ತೂಲು ಎಂದು ಮಾರುವ ಗಿಡ್ಡ ಮಾದರಿಗಳ ವಿಷಯದಲ್ಲಿ ನಿಯಮ ಒಮ್ಮೆ ಬಂತು, ಕೋರ್ಟು ಅದನ್ನು ತಳ್ಳಿಹಾಕಿತು. ಮೊದಲ ಬಂದೂಕಿಗೇ ಆ ಗೋಜಲು ನಿನಗೆ ಬೇಡ.

ಯಾವ ಕಂಪನಿಯದು ಎನ್ನುವುದಕ್ಕಿಂತ ಮೊದಲು, ಯಾರ ಕೈಗೆ ಹೊಂದಬೇಕು ಅಂತ ಕೇಳಿಕೋ. ತಿಂಗಳಲ್ಲಿ ವಾರಗಟ್ಟಲೆ ಊರಿನಲ್ಲಿರದವನು ನೀನು. ರಾತ್ರಿ ಇಬ್ಬರು ಮಕ್ಕಳ ಜೊತೆ ಇರುವವಳು ವಿದ್ಯಾ. ಅವಳ ತೋಳಿನ ಅಳತೆಗೆ, ಅವಳ ಬೆರಳಿನ ಬಲಕ್ಕೆ ಸರಿಹೋಗದ ಕಾರ್ಬೈನ್ ನಿನಗೆ ಎಷ್ಟು ಚೆನ್ನಾಗಿ ಕಂಡರೂ ಕೊಳ್ಳಬೇಡ. ಈ ಬಂದೂಕುಗಳಲ್ಲಿ ಹೆಚ್ಚಿನವು ಬೋಲ್ಟಿನ ಭಾರದಿಂದಲೇ ಕೆಲಸ ಮಾಡುವಂಥವು. ಗುಂಡು ಹಾರಿದ ಒತ್ತಡವೇ ಆ ಭಾರವನ್ನು ಹಿಂದಕ್ಕೆ ತಳ್ಳುತ್ತದೆ. ಅದಕ್ಕೇ ಸ್ಪ್ರಿಂಗು ಗಡುಸು. ಪಿಸ್ತೂಲಿನ ಗುಂಡಲ್ಲವೇ, ಏನು ಒದ್ದೀತು ಎಂದುಕೊಂಡವರಿಗೆ ಅದು ಎಣಿಸಿದ್ದಕ್ಕಿಂತ ಜೋರಾಗಿ ಒದೆಯುತ್ತದೆ. ಹಿಡಿಕೆಯನ್ನು ಹಿಂದಕ್ಕೆಳೆದು ಮೊದಲ ತೋಟಾ ಏರಿಸುವುದಕ್ಕೇ ಕೆಲವರು ಒದ್ದಾಡುತ್ತಾರೆ. ಅಂಗಡಿಯಲ್ಲಿ ಅವಳೇ ಎಳೆದು ನೋಡಲಿ, ನೀನಲ್ಲ.

ನನ್ನನ್ನು ಕೇಳಿದರೆ ರೂಗರ್ ಪಿಸಿ ಕಾರ್ಬೈನ್. ಮೂರು ಕೆಜಿಯ ಮೇಲೆ ಸ್ವಲ್ಪ ತೂಕ, ನಡುವೆ ಬಿಚ್ಚಿ ಎರಡು ತುಂಡು ಮಾಡಬಹುದು. ಸಾದಾ ಮಾದರಿಯಲ್ಲಿ ಬುಡದ ರಬ್ಬರಿನ ಹಿಂದೆ ಅರ್ಧರ್ಧ ಅಂಗುಲದ ಬಿಲ್ಲೆಗಳಿವೆ, ಅವನ್ನು ತೆಗೆದರೆ ಉದ್ದ ಕಡಿಮೆಯಾಗಿ ವಿದ್ಯಾಳ ಭುಜಕ್ಕೆ ಕೂರುತ್ತದೆ. ಅವಳು ಎಡಚಿ ತಾನೆ? ಹಿಡಿಕೆಯನ್ನೂ ಮ್ಯಾಗಝಿನ್ ಬಿಡುವ ಗುಂಡಿಯನ್ನೂ ಎಡಗಡೆಗೆ ಬದಲಿಸಬಹುದು. ಗ್ಲಾಕ್ ಮ್ಯಾಗಝಿನ್ ಹಿಡಿಯುವಂತೆಯೂ ಮಾಡಬಹುದು. ನೀನು ಹೇಳಿದ ಕೆಲ್-ಟೆಕ್ ಮಡಚಿದರೆ ಚೀಲದೊಳಗೆ ಹೋಗುವಷ್ಟು ಪುಟ್ಟದು, ಹಗುರ, ಅಗ್ಗ. ಆದರೆ ತೋಟಾ ಏರಿಸುವ ಹಿಡಿಕೆ ಕೆನ್ನೆಯಿಡುವ ಕೊಳವೆಯ ಕೆಳಗಿದೆ. ಕತ್ತಲಲ್ಲಿ, ಭಯದಲ್ಲಿ ಅದನ್ನು ತಡಕುವುದು ಬೇಡ. ಬೋಲ್ಟಿನ ಭಾರದ ಬದಲು ಗ್ಯಾಸಿನಿಂದ ಕೆಲಸ ಮಾಡುವ ಸಿಗ್‌ನವರ ಮಾದರಿ ಮೃದುವಾಗಿ ಒದೆಯುತ್ತದೆ ನಿಜ, ಬೆಲೆ ಬಹಳ ಹೆಚ್ಚು. ಆ ದುಡ್ಡಿನಲ್ಲಿ ಒಳ್ಳೆಯ ಸೇಫ್, ಟಾರ್ಚು, ತರಬೇತಿ ಎಲ್ಲ ಬರುತ್ತದೆ.

ಈಗ ನಿನ್ನ ಮನೆಯ ವಿಷಯ. ನಮ್ಮ ಊರಿನ ಮನೆಯದು ಜಂಬಿಟ್ಟಿಗೆಯ ಗೋಡೆ. ಮೊಳೆ ಹೊಡೆಯಬೇಕಾದರೂ ಅಪ್ಪ ಅರ್ಧ ದಿನ ಒದ್ದಾಡುತ್ತಿದ್ದರು. ಹ್ಯೂಸ್ಟನ್ನಿನ ನಿನ್ನ ಮನೆಯಲ್ಲಿ ಗೋಡೆ ಎಂದರೆ ಮರದ ಪಟ್ಟಿಗಳ ಎರಡು ಬದಿಗೆ ಅರ್ಧ ಅಂಗುಲದ ಜಿಪ್ಸಮ್ ಹಲಗೆ, ನಡುವೆ ಬರೀ ಗಾಳಿ. ಮೈಯೊಳಗೆ ಹೋಗಿ ಅಗಲವಾಗುವ ಹಾಲೋ ಪಾಯಿಂಟ್ ಗುಂಡನ್ನೇ ತಗೋ. ಅದರ ತೂತಿಗೆ ಜಿಪ್ಸಮ್ ತುಂಬಿಕೊಂಡರೆ ಅದೂ ಅಗಲವಾಗದೆ ಇಂಥ ಗೋಡೆಗಳನ್ನು ಒಂದರ ಹಿಂದೊಂದು ದಾಟುತ್ತದೆ. ಒಬ್ಬ ಮನುಷ್ಯನನ್ನು ನಿಲ್ಲಿಸುವ ಶಕ್ತಿಯಿರುವ ಯಾವ ಗುಂಡೂ ಆ ಗೋಡೆಗೆ ನಿಲ್ಲುವುದಿಲ್ಲ. ನಿಮ್ಮ ಕೋಣೆಯ ಬಾಗಿಲಿನಿಂದ ಮೆಟ್ಟಿಲ ಕಡೆ ಗುರಿಯಿಟ್ಟರೆ ಹಿಂದಿರುವುದು ಚಿನ್ನುವಿನ ಮಂಚ. ಹೋದ ಸಲ ಬಂದಾಗ ನಾನೇ ನಿಂತು ನೋಡಿದ್ದೆ. ಅದಕ್ಕೆ, ಬಂದೂಕು ಬರುವ ಮೊದಲು ಮಕ್ಕಳ ಕೋಣೆ ಬದಲಾಗಬೇಕು. ಸದ್ದು ಕೇಳಿದರೆ ಕಾರ್ಬೈನ್ ಹಿಡಿದು ಮನೆ ಸುತ್ತುವುದು ಬೇಡ. ಮೂಲೆ ತಿರುಗುವಾಗ ಉದ್ದನೆಯ ನಳಿಗೆ ಮೊದಲು ಆಚೆ ಹೋಗುತ್ತದೆ, ಮಗುವನ್ನು ಎತ್ತಿಕೊಳ್ಳಲು ಕೈ ಬಿಡುವಿರುವುದಿಲ್ಲ. ಮಕ್ಕಳನ್ನು ಒಳಗೆ ಸೇರಿಸಿಕೊಂಡು, ಬಾಗಿಲು ಹಾಕಿ, 911ಕ್ಕೆ ಫೋನ್ ಮಾಡಿ, ಮಂಚದ ಹಿಂದೆ ಕೂತು ಆ ಒಂದು ಬಾಗಿಲನ್ನು ಕಾಯಬೇಕು. ಕಾರ್ಬೈನ್ ಉಪಯೋಗಕ್ಕೆ ಬರುವುದು ಅಲ್ಲಿ.

ಶ್ರೀಧರ, ಮೇ ತಿಂಗಳಲ್ಲಿ ಅಪ್ಪ ಅಮ್ಮ ಬರುತ್ತಾರೆ. ನನ್ನ ಮನಸ್ಸಿಗೆ ಕೂತಿರುವುದು ಅದೇ. ಬಂದ ಮೊದಲ ಹದಿನೈದು ದಿನ ಅವರಿಗೆ ಹಗಲು ರಾತ್ರಿಯ ಲೆಕ್ಕ ಇರುವುದಿಲ್ಲ. ಅಮ್ಮ ಎರಡು ಗಂಟೆಗೆ ಎದ್ದು, ಯಾರಿಗೂ ತೊಂದರೆಯಾಗದಿರಲಿ ಎಂದು ದೀಪ ಹಾಕದೆ ಅಡುಗೆಮನೆಯಲ್ಲಿ ಕಾಫಿಗೆ ನೀರಿಡುತ್ತಾಳೆ. ಅಪ್ಪ ನಾಲ್ಕಕ್ಕೆ ಹಿಂದಿನ ಬಾಗಿಲು ತೆಗೆದು ಹಿತ್ತಿಲಲ್ಲಿ ಓಡಾಡಿ ಮತ್ತೆ ಒಳಗೆ ಬರುತ್ತಾರೆ. ನಿದ್ದೆಗಣ್ಣಿನಲ್ಲಿರುವ ವಿದ್ಯಾಳ ಕಿವಿಗೆ ಅದೇ ಬಾಗಿಲಿನ ಸದ್ದು, ಅದೇ ಹೆಜ್ಜೆಯ ಸದ್ದು. 1992ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ, ಹ್ಯಾಲೋವೀನ್ ಪಾರ್ಟಿಗೆ ಹೊರಟ ಹದಿನಾರು ವರ್ಷದ ಜಪಾನಿ ವಿದ್ಯಾರ್ಥಿ ವಿಳಾಸ ತಪ್ಪಿ ಇನ್ನೊಬ್ಬರ ಮನೆ ಬಾಗಿಲಿಗೆ ಹೋದ. ಮನೆಯವನು ಗುಂಡು ಹಾರಿಸಿ ಕೊಂದ. ಜ್ಯೂರಿ ಅವನನ್ನು ಬಿಟ್ಟಿತು, ಹುಡುಗ ಬರಲಿಲ್ಲ. 2023ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆದುಕೊಂಡು ಹೋಗಲು ಬಂದು ತಪ್ಪು ಮನೆಯ ಗಂಟೆ ಒತ್ತಿದ ಹುಡುಗನಿಗೂ ಹದಿನಾರೇ ವರ್ಷ. ಅವನು ಹೇಗೋ ಬದುಕಿದ. ಆದ್ದರಿಂದ ಕಾರ್ಬೈನಿಗೆ ಏನು ಸೇರಿಸದಿದ್ದರೂ ಒಳ್ಳೆಯ ಟಾರ್ಚು ಸೇರಿಸಲೇಬೇಕು. ಕೈಯಲ್ಲಿ ಬೇರೆ ಟಾರ್ಚೂ ಇರಲಿ, ಮುಖ ನೋಡಲಿಕ್ಕೆ ಬಂದೂಕನ್ನೇ ಆ ಮುಖಕ್ಕೆ ತಿರುಗಿಸುವಂತಾಗಬಾರದು. ಯಾರೆಂದು ಕಣ್ಣಿಗೆ ಕಾಣುವವರೆಗೆ, ಹೆಸರು ಹಿಡಿದು ಕೂಗುವವರೆಗೆ ಬೆರಳು ಟ್ರಿಗರಿನ ಹತ್ತಿರ ಹೋಗಕೂಡದು.

ಇನ್ನೊಂದು. ಅಪ್ಪನಿಗೆ ತೋಟದಲ್ಲಿ ಮಂಗ ಹಂದಿ ಓಡಿಸಲು ಲೈಸೆನ್ಸಿನ ಕೋವಿ ಇತ್ತಲ್ಲ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರುತ್ತಿದ್ದರಲ್ಲ, ನಿನ್ನದನ್ನು ಕಂಡರೆ ಒಮ್ಮೆ ಹಿಡಿದು ನೋಡುತ್ತೇನೆ ಎಂದೇ ಎನ್ನುತ್ತಾರೆ. ಕೊಡಬೇಡ. ವಿಸಿಟರ್ ವೀಸಾದಲ್ಲಿ ಬಂದವರು, ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಇಲ್ಲಿ ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ. ನೀನು ಎಚ್-1ಬಿಯಲ್ಲಿದ್ದಾಗ ನಿನಗಿದ್ದದ್ದೂ ಇದೇ ಕಾನೂನು. ಸೇಫಿನ ನಂಬರು ಅವರಿಗೆ ಗೊತ್ತಿರಬಾರದು. ಮಕ್ಕಳಿಗಂತೂ ಗೊತ್ತೇ ಇರಬಾರದು. ಹದಿನೇಳು ತುಂಬದ ಮಗುವಿನ ಕೈಗೆ ಸಿಗುವಂತೆ ತೋಟಾ ತುಂಬಿದ ಬಂದೂಕನ್ನು ಬಿಟ್ಟರೆ ಟೆಕ್ಸಸ್‌ನಲ್ಲಿ ಅದು ಅಪರಾಧ. ಬೀರುವಿನ ಮೇಲೆ ಎತ್ತರದಲ್ಲಿ ಇಡುತ್ತೇನೆ ಎಂದು ಹೇಳಬೇಡ. ಪುಟ್ಟಿ ಫ್ರಿಜ್ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸಿದ ವೀಡಿಯೊ ನೀನೇ ಕಳಿಸಿದ್ದೆ. ಗೋಡೆಗೆ ಬೋಲ್ಟ್ ಹಾಕಿದ, ನಂಬರು ಒತ್ತಿದರೆ ತೆರೆಯುವ ಉದ್ದನೆಯ ಸೇಫೇ ಆಗಬೇಕು.

ಇದನ್ನು ಹೇಗೆ ಬರೆಯಲಿ ಎಂದು ತುಂಬ ಯೋಚಿಸಿದೆ. ನೇರವಾಗಿಯೇ ಕೇಳುತ್ತೇನೆ. ಕೆಲಸ ಹೋಗಿದ್ದ ಆ ತಿಂಗಳುಗಳಲ್ಲಿ ನೀನು ಫೋನಿನಲ್ಲಿ ಹೇಗಿದ್ದೆ ಎಂದು ನನಗೆ ಗೊತ್ತು. ಈ ದೇಶದಲ್ಲಿ 2021ರಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅವರಲ್ಲಿ 26,000ಕ್ಕೂ ಹೆಚ್ಚು ಜನ ತಾವೇ ಪ್ರಾಣ ಕಳೆದುಕೊಂಡವರು. ಕಳ್ಳನಿಗೆಂದು ತಂದಿಟ್ಟದ್ದು ಬೇಜಾರಿನ ಒಂದು ರಾತ್ರಿ ಮನೆಯವರ ಕೈಗೇ ಸಿಗುತ್ತದೆ. ಮನಸ್ಸು ಈಗ ಹೇಗಿದೆ, ಹೇಳು. ಪೂರ್ತಿ ಸರಿಯಿಲ್ಲ ಎಂದರೆ ಕೊಳ್ಳುವುದನ್ನು ಮುಂದಕ್ಕೆ ಹಾಕು. ಕೊಂಡ ಮೇಲೆ ಅಂಥ ದಿನ ಮತ್ತೆ ಬಂದರೆ ಒಂದು ಫೋನ್ ಮಾಡು, ಹೊತ್ತು ನೋಡಬೇಡ. ನಾನೂ ಭಾವನೂ ಕಾರಿನಲ್ಲಿ ಬಂದು ಅದನ್ನು ನಮ್ಮ ಮನೆಗೆ ತರುತ್ತೇವೆ, ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಇದು ವಿದ್ಯಾಗೂ ಗೊತ್ತಿರಲಿ.

ಬರುವ ಶನಿವಾರ ಎಲ್ಲರೂ ಇಲ್ಲಿಗೆ ಬನ್ನಿ. ಇಲ್ಲಿಯ ರೇಂಜಿನಲ್ಲಿ ಕಾರ್ಬೈನ್‌ಗಳು ಬಾಡಿಗೆಗೆ ಸಿಗುತ್ತವೆ, ಎರಡು ಮೂರು ಬಗೆ ಹಿಡಿದು ನೋಡಬಹುದು. ವಿದ್ಯಾ ಮೊದಲು, ಆಮೇಲೆ ನೀನು. ಮಕ್ಕಳು ಭಾವನ ಜೊತೆ ಮನೆಯಲ್ಲಿರಲಿ. ಅಲ್ಲಿಯವರೆಗೆ ಅಂಗಡಿ ಕಡೆ ಹೋಗಬೇಡ. ಮುಂಬಾಗಿಲ ಚೌಕಟ್ಟಿನಲ್ಲಿ ಬೀಗದ ನಾಲಗೆ ಕೂರುವ ತಗಡನ್ನು ಮಾತ್ರ ನಾಳೆಯೇ ಬಿಚ್ಚಿ ನೋಡು. ಮುಕ್ಕಾಲು ಅಂಗುಲದ ಸ್ಕ್ರೂ ಇದ್ದರೆ ತೆಗೆದು, ಒಳಗಿನ ಮರಕ್ಕೆ ಹಿಡಿಯುವಂತೆ ಮೂರಂಗುಲದ್ದು ಹಾಕು. ಒದ್ದರೆ ಮೊದಲು ಕಿತ್ತು ಬರುವುದು ಅದೇ. ಹಿಂಬಾಗಿಲಿಗೂ ಹಾಗೇ ಮಾಡು, ಹಿತ್ತಿಲಿಗೆ ಯಾರಾದರೂ ಬಂದರೆ ತಾನೇ ಹತ್ತುವ ದೀಪ ಒಂದು ತಂದು ಹಾಕು. ಆಯಿತು ಎಂದು ಫೋಟೊ ಕಳಿಸು.

ನಿನ್ನ
ಸುಮಕ್ಕ